ಮಗು ಮಲಗಿದ ಮೇಲೆ ಒಂದು ಗಂಟೆ: ಯಾವ ಗೇಮ್ ತಗೊಳ್ಳಬೇಕು?

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಕ್ಕ, ಲ್ಯಾಪ್‌ಟಾಪ್ ತಗೊಂಡೆ. ಒಂದೇ ಒಂದು ಗೇಮ್ ಹೇಳು. ದುಡ್ಡು ಕೊಟ್ಟು ತಗೊಂಡು ಆಮೇಲೆ ಮೂಲೆಗೆ ಹಾಕೋ ಹಾಗೆ ಆಗಬಾರದು" ಎಂದ. ಅವನಿಗೆ ಎಂಟು ತಿಂಗಳ ಮಗು ಇದೆ. ಹೊಸ ಕೆಲಸ ಬೇರೆ. ರಾತ್ರಿ ಹತ್ತಕ್ಕೆ ಮಗು ಮಲಗಿದರೆ ಹನ್ನೊಂದರವರೆಗೆ ಅವನ ಸಮಯ. ಅದೂ ಮಗು ನಡುವೆ ಏಳದಿದ್ದರೆ.

ನಾನಿರುವುದು ಸಾಗರದಲ್ಲಿ. ಕಚೇರಿ, ಐದು ವರ್ಷದ ಮಗಳು, ಜೊತೆಗೆ ಅಮ್ಮ. ನನಗೆ ಸಿಗುವುದೂ ಹೆಚ್ಚು ಕಡಿಮೆ ಅದೇ ಒಂದು ಗಂಟೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಹತ್ತು ವರ್ಷದಿಂದ ಹೀಗೇ ಆಡುತ್ತಾ ಬಂದಿದ್ದೇನೆ. ಕೆಲವು ಗೇಮ್‌ಗಳನ್ನು ಪೂರ್ತಿ ಮುಗಿಸಿದ್ದೇನೆ. ಕೆಲವನ್ನು ತುಂಬಾ ಇಷ್ಟಪಟ್ಟೂ ಅರ್ಧಕ್ಕೆ ಬಿಟ್ಟಿದ್ದೇನೆ. ಹಾಗೆ ಬಿಟ್ಟಿದ್ದರಲ್ಲಿ ಕೆಟ್ಟ ಗೇಮ್ ಒಂದೂ ಇರಲಿಲ್ಲ. ಅವು ನನ್ನ ರಾತ್ರಿಗಳಿಗೆ ಹೊಂದಲಿಲ್ಲ, ಅಷ್ಟೇ.

ಆದ್ದರಿಂದ ತಮ್ಮನಿಗೆ ನಾನು ಹತ್ತಕ್ಕೆ ಎಷ್ಟು ಅಂಕ ಎಂದು ಹೇಳಲಿಲ್ಲ. ಇಲ್ಲಿ ಬರುವ ಗೇಮ್‌ಗಳಿಗೆಲ್ಲ ಒಳ್ಳೆಯ ಹೆಸರೇ ಇದೆ. ನಾನು ಮೂರು ವಿಷಯ ನೋಡುತ್ತೇನೆ. ಮಗು ಅತ್ತರೆ ತಕ್ಷಣ ಎದ್ದು ಹೋಗಬಹುದಾ? ಕರೆಂಟ್ ಹೋದರೆ ಎಷ್ಟು ಕಳೆದುಕೊಳ್ಳುತ್ತೇನೆ? ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಅನ್ನುವುದು ಗೊತ್ತಾಗುತ್ತದಾ? ಈ ಮೂರಕ್ಕೆ ಸಿಗುವ ಉತ್ತರ ಒಂದೊಂದು ಗೇಮಿನಲ್ಲೂ ಬೇರೆ ಬೇರೆ.

ಅರ್ಧ ಗಂಟೆ ಸಿಕ್ಕರೆ: ಸ್ಟಾರ್ಡ್ಯೂ ವ್ಯಾಲಿಯೋ, ಹೇಡೀಸೋ?

ಸ್ಟಾರ್ಡ್ಯೂ ವ್ಯಾಲಿ 2016ರ ಫೆಬ್ರುವರಿಯಲ್ಲಿ ಬಂತು. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿದ್ದು. ಚಿತ್ರ, ಸಂಗೀತ, ಮಾತು, ಎಲ್ಲ ಅವನದೇ. ಕಥೆ ಸರಳ. ದೊಡ್ಡ ಕಂಪನಿಯ ಆಫೀಸಿನಲ್ಲಿ ಕೂತು ಬೇಸತ್ತ ಒಬ್ಬರಿಗೆ ತೀರಿಹೋದ ಅಜ್ಜನ ಪತ್ರ ಸಿಗುತ್ತದೆ. ಹಳ್ಳಿಯಲ್ಲಿ ಪಾಳು ಬಿದ್ದ ಹೊಲ ಒಂದಿದೆ. ಅಲ್ಲಿಗೆ ಹೋಗಿ ಬೇಸಾಯ ಶುರು ಮಾಡಬೇಕು. ಕೈಗೆ ಮೊದಲು ಸಿಗುವುದು 15 ಪಾರ್ಸ್ನಿಪ್ ಬೀಜ. ನಮ್ಮ ಗಜ್ಜರಿಯನ್ನು ಬೆಳ್ಳಗೆ ಮಾಡಿದ ಹಾಗಿರುವ ಗೆಡ್ಡೆ ಅದು. ನಾಲ್ಕು ದಿನಕ್ಕೆ ಕೈಗೆ ಬರುತ್ತದೆ.

ಆ "ದಿನ" ಎಷ್ಟು ಉದ್ದ ಎಂದು ತಿಳಿದುಕೊಂಡರೆ ಆಟದ ಅಳತೆ ಸಿಗುತ್ತದೆ. ಬೆಳಗ್ಗೆ ಆರಕ್ಕೆ ಏಳುತ್ತೀರಿ. ರಾತ್ರಿ ಎರಡಕ್ಕೆ ಬಿದ್ದುಬಿಡುತ್ತೀರಿ. ಆಟದ ಹತ್ತು ನಿಮಿಷಕ್ಕೆ ನಮ್ಮ ಏಳು ಸೆಕೆಂಡ್. ಅಂದರೆ ಒಂದು ಪೂರ್ತಿ ದಿನಕ್ಕೆ ಸುಮಾರು 14 ನಿಮಿಷ. ಒಂದು ಋತುವಿಗೆ 28 ದಿನ, ಅಂದರೆ ಆರೂವರೆ ಗಂಟೆ. ವರ್ಷಕ್ಕೆ ನಾಲ್ಕು ಋತು. ದಿನಕ್ಕೊಂದು ಗಂಟೆ ಆಡಿದರೆ ವಾರಕ್ಕೊಂದು ಋತು, ತಿಂಗಳಿಗೊಂದು ವರ್ಷ. ಈ ಲೆಕ್ಕ ನನಗೆ ಬಹಳ ಇಷ್ಟ. ಭಾನುವಾರ ಬಿತ್ತಿದ್ದನ್ನು ಬುಧವಾರ ಕಟಾವು ಮಾಡುವ ಹಾಗೆ ಆಟ ನಮ್ಮ ವಾರದ ಜೊತೆಗೇ ನಡೆಯುತ್ತದೆ.

ಒಬ್ಬರೇ ಆಡುವಾಗ ಮೆನು ತೆರೆದರೆ ಸಾಕು, ಗಡಿಯಾರ ನಿಲ್ಲುತ್ತದೆ. ಕುಕ್ಕರ್ ಕೂಗಿದರೆ ಎದ್ದು ಹೋಗಿ ಬರಬಹುದು. ತೊಂದರೆ ಇರುವುದು ಕರೆಂಟಿನ ವಿಷಯದಲ್ಲಿ. ಕಂಪ್ಯೂಟರಿನಲ್ಲಿ ಈ ಆಟ ಸೇವ್ ಆಗುವುದು ರಾತ್ರಿ ಹಾಸಿಗೆಗೆ ಹೋಗಿ ಮಲಗಿದಾಗ ಮಾತ್ರ. ಗಣಿಯಲ್ಲಿ ಇಳಿದು ಒಳ್ಳೆಯ ಅದಿರು ಸಿಕ್ಕಿದ ದಿನ, ಸಂಜೆ ಎಂಟಾಗಿದೆ ಎನ್ನುವಾಗ ಕರೆಂಟ್ ಹೋದರೆ ಅಂದಿನ ಬೆಳಗ್ಗೆಯಿಂದ ಮತ್ತೆ ಶುರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನಿಸುತ್ತದೆ. ಆದರೂ ಹೋಗುವುದು ಹೆಚ್ಚೆಂದರೆ 14 ನಿಮಿಷದ ದುಡಿಮೆ. ಮೊಬೈಲಿನಲ್ಲಿ ಆಡಿದರೆ ಈ ಕಾಟವೂ ಇಲ್ಲ. ಅಲ್ಲಿ ಆಟ ತಾನೇ ಸೇವ್ ಮಾಡಿಕೊಳ್ಳುತ್ತದೆ, ನಡುವೆ ಎದ್ದರೂ ಬಿಟ್ಟಲ್ಲಿಂದ ಮುಂದುವರಿಸಬಹುದು.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ದಿನ ಮುಗಿದ ಕೂಡಲೇ ಮರುದಿನದ ಬೆಳಗು ಕಣ್ಣೆದುರಿಗೆ ಬರುತ್ತದೆ. ಕೋಳಿ ಮೊಟ್ಟೆ ಇಟ್ಟಿದೆಯಾ ನೋಡೋಣ, ಮಳೆ ಬಂದಿದೆ, ನೀರು ಹಾಯಿಸುವ ಕೆಲಸ ತಪ್ಪಿತು, ಇನ್ನೊಂದು ದಿನ ಆಡೋಣ ಅನ್ನಿಸುತ್ತದೆ. ಹನ್ನೊಂದು ಹೋಗಿ ಹನ್ನೆರಡೂವರೆ ಆಗುವುದು ಹೀಗೆ. ನಿಮಗೆ ನಿದ್ದೆ ಮುಖ್ಯವಾಗಿದ್ದರೆ ಮೊದಲೇ ಅಲಾರಂ ಇಟ್ಟುಕೊಳ್ಳಿ.

ಹೇಡೀಸ್ ಇದಕ್ಕೆ ಪೂರ್ತಿ ಬೇರೆ. ಸೂಪರ್‌ಜೈಂಟ್ ಗೇಮ್ಸ್ ಎಂಬ ಸಣ್ಣ ತಂಡದ್ದು, 2020ರ ಸೆಪ್ಟೆಂಬರಿನಲ್ಲಿ ಪೂರ್ಣವಾಗಿ ಬಂತು. ಗ್ರೀಕ್ ಪುರಾಣದ ಪಾತಾಳದ ಒಡೆಯ ಹೇಡೀಸ್. ಅವನ ಮಗ ಜಾಗ್ರಿಯಸ್ ಮನೆ ಬಿಟ್ಟು ಭೂಮಿಗೆ ಓಡಿಹೋಗಲು ನೋಡುತ್ತಾನೆ. ಒಂದೊಂದು ಕೋಣೆ ದಾಟಬೇಕು, ಬಂದವರ ಜೊತೆ ಹೊಡೆದಾಡಬೇಕು. ಸತ್ತರೆ ಮತ್ತೆ ಅಪ್ಪನ ಮನೆಗೇ ವಾಪಸ್. ಒಂದು ಪ್ರಯತ್ನಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಕೈ ಪಳಗುವವರೆಗೆ ಇನ್ನೂ ಬೇಗ ಮುಗಿಯುತ್ತದೆ.

ಸತ್ತರೆ ಬೇಜಾರಾಗದ ಗೇಮ್ ನಾನು ಮೊದಲು ನೋಡಿದ್ದು ಇದನ್ನೇ. ಸತ್ತು ಮನೆಗೆ ಬಂದಾಗಲೇ ಕಥೆ ಮುಂದೆ ಹೋಗುವುದು. ಮನೆಯಲ್ಲಿರುವ ಒಬ್ಬೊಬ್ಬರೂ ಹೊಸ ಮಾತು ಆಡುತ್ತಾರೆ. ಹೋದ ಸಲ ನಿಮ್ಮನ್ನು ಯಾರು ಕೊಂದರು ಅನ್ನುವುದೂ ಅವರಿಗೆ ಗೊತ್ತಿರುತ್ತದೆ. ಅಪ್ಪ ಮಗನ ಜಗಳ, ಎಲ್ಲೋ ಹೋಗಿರುವ ತಾಯಿ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ಒಂದು ವಿಷಯ. ಕೂಡು ಕುಟುಂಬದಲ್ಲಿ ಬೆಳೆದ ಯಾರಿಗಾದರೂ ಆ ಮನೆ ಅರ್ಥವಾಗುತ್ತದೆ. ಆ ಮನೆಯಲ್ಲಿ ಮೂರು ತಲೆಯ ನಾಯಿ ಇದೆ. ಅದರ ತಲೆ ಸವರದೆ ನಾನು ಒಂದು ದಿನವೂ ಹೊರಗೆ ಹೋಗಿಲ್ಲ.

ನಡುವೆ ಎದ್ದು ಹೋಗಬೇಕಾದರೆ ಆಟ ಮುಚ್ಚಿ ಹೋಗಬಹುದು. ಮತ್ತೆ ತೆರೆದಾಗ ಅದೇ ಕೋಣೆಯ ಬಾಗಿಲಿನಿಂದ ಶುರುವಾಗುತ್ತದೆ. ಹೊಡೆದಾಟ ಕಷ್ಟ ಅನ್ನಿಸುವವರಿಗೆ ಗಾಡ್ ಮೋಡ್ ಎಂಬ ಆಯ್ಕೆ ಇದೆ. ಮೊದಲು ಪೆಟ್ಟು 20% ಕಮ್ಮಿ ಆಗುತ್ತದೆ. ಆಮೇಲೆ ಸತ್ತಾಗಲೆಲ್ಲ ಇನ್ನೂ 2% ಕಮ್ಮಿ, 80% ವರೆಗೆ. ಎಷ್ಟು ಸಲ ಬಿದ್ದೆವೋ ಅಷ್ಟು ಗಟ್ಟಿಯಾಗುತ್ತೇವೆ. ನಾನು ಇದನ್ನು ಹಾಕಿಕೊಂಡೇ ಆಡಿದೆ. ಇದರಿಂದ ಕಥೆಯಲ್ಲಿ ಒಂದು ಅಕ್ಷರವೂ ಕಳೆದುಹೋಗುವುದಿಲ್ಲ. ಮುಖ್ಯ ಕಥೆ ಕೊನೆ ಮುಟ್ಟಲು 10 ಸಲ ಪಾರಾಗಬೇಕು. ನನಗೆ ಎರಡು ತಿಂಗಳು ಬೇಕಾಯಿತು.

ಇವೆರಡರಲ್ಲಿ ಆರಿಸುವುದು ಸುಲಭ. ದಿನವಿಡೀ ಜನರ ಜೊತೆ ಮಾತಾಡಿ ತಲೆ ಕಾದಿದ್ದರೆ ಸ್ಟಾರ್ಡ್ಯೂ. ದಿನವಿಡೀ ಪರದೆ ನೋಡಿ ಕೈಕಾಲು ಜಡವಾಗಿದ್ದರೆ ಹೇಡೀಸ್. ನಿದ್ದೆ ಕೆಡಬಾರದು ಅನ್ನುವವರಿಗೂ ಹೇಡೀಸೇ ವಾಸಿ. ಅಲ್ಲಿ ಒಂದು ಪ್ರಯತ್ನ ಮುಗಿದಾಗ ಮನಸ್ಸಿಗೂ ಮುಗಿಯಿತು ಅನ್ನಿಸುತ್ತದೆ.

ಕಷ್ಟದ ಆಟ ಬೇಕು ಅನ್ನುವವರಿಗೆ: ಸೆಲೆಸ್ಟೋ, ಹಾಲೋ ನೈಟೋ?

ಎರಡೂ ಪಕ್ಕದಿಂದ ನೋಡಿ ಆಡುವ ಆಟಗಳು. ಎರಡರಲ್ಲೂ ನೆಗೆಯಬೇಕು, ಎರಡರಲ್ಲೂ ನೂರಾರು ಸಲ ಸಾಯುತ್ತೇವೆ. ಆದರೆ ಸಾವನ್ನು ಇವು ನಡೆಸಿಕೊಳ್ಳುವ ರೀತಿ ನೋಡಿ.

ಸೆಲೆಸ್ಟ್ 2018ರ ಜನವರಿಯದ್ದು. ಮ್ಯಾಡಲಿನ್ ಎಂಬ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ. ಅವಳಿಗೆ ಆತಂಕದ ಕಾಯಿಲೆ ಇದೆ, ಎದೆ ಹಿಡಿದುಕೊಂಡ ಹಾಗಾಗುತ್ತದೆ. ಆಟ ಚಿಕ್ಕ ಚಿಕ್ಕ ಪರದೆಗಳಾಗಿ ಒಡೆದುಕೊಂಡಿದೆ. ಬಿದ್ದು ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಪರದೆಯ ಶುರುವಿಗೆ ಬಂದಿರುತ್ತೀರಿ. ದಂಡ ಇಲ್ಲ. ಎಷ್ಟು ಸಲ ಸತ್ತಿರಿ ಅನ್ನುವುದನ್ನು ಆಟ ಎಣಿಸುತ್ತದೆ. ಆ ಸಂಖ್ಯೆಯ ಬಗ್ಗೆ ಹೆಮ್ಮೆ ಇರಲಿ, ಹೆಚ್ಚು ಸತ್ತಷ್ಟೂ ಹೆಚ್ಚು ಕಲಿಯುತ್ತಿದ್ದೀರಿ ಎಂದು ಒಂದು ಕಾರ್ಡ್ ಬರೆದು ಹೇಳುತ್ತದೆ. ಅದನ್ನು ಓದಿದ ರಾತ್ರಿ ನನಗೆ ಸಮಾಧಾನವಾಯಿತು. ಶಾಲೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಬೆರಳು ಅಷ್ಟು ಚುರುಕಿಲ್ಲ ಅನ್ನುವವರಿಗೆ ಅಸಿಸ್ಟ್ ಮೋಡ್ ಇದೆ. ಆಟದ ವೇಗ ಇಳಿಸಬಹುದು, ಕೈ ಸೋಲದ ಹಾಗೆ ಮಾಡಿಕೊಳ್ಳಬಹುದು, ಸಾಯದ ಹಾಗೂ ಮಾಡಿಕೊಳ್ಳಬಹುದು. ಸೇವ್ ಮಾಡಿ ಎದ್ದರೆ ಮತ್ತೆ ಅದೇ ಪರದೆಗೆ ಬರುತ್ತೀರಿ. ಹತ್ತು ನಿಮಿಷ ಸಿಕ್ಕರೂ ಎರಡು ಪರದೆ ದಾಟಬಹುದು. ತಿಂಗಳು ಬಿಟ್ಟು ಬಂದರೂ ನೆನಪಿಟ್ಟುಕೊಳ್ಳಬೇಕಾದ್ದು ಏನೂ ಇಲ್ಲ. ಮುಂದೆ ಇರುವುದು ಬೆಟ್ಟ, ಹತ್ತಬೇಕು, ಅಷ್ಟೇ.

ಹಾಲೋ ನೈಟ್ ನಾನು ಬಹಳ ಪ್ರೀತಿಸುವ ಆಟ. ಮೊದಲ ಸಲ ಅದನ್ನು ಮುಗಿಸದೆ ಬಿಟ್ಟೆ. ಆಸ್ಟ್ರೇಲಿಯಾದ ಅಡಿಲೇಡ್ ಊರಿನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಇದನ್ನು 2017ರಲ್ಲಿ ತಂದಿತು. ನೆಲದಡಿಯಲ್ಲಿ ಹಾಳಾದ ಹುಳುಗಳ ರಾಜ್ಯ. ಅದರೊಳಗೆ ಮಳೆ ಸುರಿಯುವ ಒಂದು ನಗರ ಇದೆ. ಭೂಮಿಯ ಒಳಗೆ ಮಳೆ ಎಲ್ಲಿಂದ ಬಂತು? ಆ ಪ್ರಶ್ನೆ ಹಿಡಿದುಕೊಂಡು ಅಲೆದರೆ ಉತ್ತರವೂ ಸಿಗುತ್ತದೆ. ಮಲೆನಾಡಿನಲ್ಲಿ ಹೊರಗೆ ಧೋ ಎಂದು ಸುರಿಯುವಾಗ ಆ ನಗರಕ್ಕೆ ಮೊದಲ ಸಲ ಕಾಲಿಟ್ಟಿದ್ದೆ. ಎರಡು ಮಳೆಯ ಸದ್ದೂ ಸೇರಿಹೋಗಿತ್ತು. ಇಂದಿಗೂ ಮರೆತಿಲ್ಲ.

ಆದರೆ ಈ ಆಟಕ್ಕೆ ಸಮಯ ಕೊಡಬೇಕು. ಹೊಸ ಜಾಗಕ್ಕೆ ಹೋದರೆ ನಕ್ಷೆ ಇರುವುದಿಲ್ಲ. ನಕ್ಷೆ ಬರೆಯುವವನು ಗುನುಗುತ್ತಾ ಎಲ್ಲೋ ಕೂತಿರುತ್ತಾನೆ, ಅವನನ್ನು ಹುಡುಕಿ ದುಡ್ಡು ಕೊಟ್ಟು ತಗೊಳ್ಳಬೇಕು. ಅಲೆದು ನೋಡಿದ ಜಾಗ ನಕ್ಷೆಗೆ ಸೇರುವುದೂ ಅಲ್ಲಲ್ಲಿ ಸಿಗುವ ಬೆಂಚಿನ ಮೇಲೆ ಕೂತ ಮೇಲೆಯೇ. ನಡುವೆ ಆಟ ಮುಚ್ಚಿದರೆ ಹಿಂದಿನ ಬೆಂಚಿಗೆ ವಾಪಸ್ ಹೋಗುತ್ತೀರಿ. ಸತ್ತರೆ ಕೈಯಲ್ಲಿದ್ದ ದುಡ್ಡೆಲ್ಲ ಸತ್ತ ಜಾಗದಲ್ಲಿ ನೆರಳಾಗಿ ನಿಲ್ಲುತ್ತದೆ. ಆ ನೆರಳನ್ನು ಸೋಲಿಸಿ ವಾಪಸ್ ಪಡೆಯಬೇಕು. ಅಷ್ಟರೊಳಗೆ ಇನ್ನೊಮ್ಮೆ ಸತ್ತರೆ ಪೂರಾ ಹೋಯಿತು.

ನನಗಾದದ್ದು ಇದು. ಮಗಳಿಗೆ ಜ್ವರ ಬಂದು ಮೂರು ವಾರ ಆಡಲಿಲ್ಲ. ವಾಪಸ್ ಬಂದಾಗ ನಾನು ಯಾವುದೋ ಕತ್ತಲ ಮೂಲೆಯ ಬೆಂಚಿನಲ್ಲಿದ್ದೆ. ಏಕೆ ಅಲ್ಲಿಗೆ ಹೋಗಿದ್ದೆ, ಯಾವ ಬಾಗಿಲು ಹುಡುಕುತ್ತಿದ್ದೆ, ಒಂದೂ ನೆನಪಿಲ್ಲ. ಆಟವೂ ಹೇಳಲಿಲ್ಲ. ಎರಡು ರಾತ್ರಿ ಅಲೆದು ಬಿಟ್ಟುಬಿಟ್ಟೆ. ಮರುವರ್ಷ ದಸರಾ ರಜೆಯಲ್ಲಿ ಮೊದಲಿನಿಂದ ಶುರು ಮಾಡಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಮುಗಿಸಿದೆ. "ಹಸಿರು ಜಾಗ, ಎಡಗಡೆ, ಎತ್ತರ ನೆಗೆಯಲು ಬಂದ ಮೇಲೆ ನೋಡು" ಅಂತ ಬರೆದುಕೊಳ್ಳುತ್ತಿದ್ದೆ. ನಿಮಗೆ ಹಾಗೆ ಬರೆದುಕೊಳ್ಳುವ ಅಭ್ಯಾಸ ಇದ್ದರೆ, ಸತತವಾಗಿ ಒಂದು ತಿಂಗಳು ಆಡುವ ಅನುಕೂಲ ಇದ್ದರೆ ಹಾಲೋ ನೈಟ್ ತಗೊಳ್ಳಿ. ಇಲ್ಲವಾದರೆ ಈಗ ಸೆಲೆಸ್ಟ್, ಇದು ಆಮೇಲೆ. ಇದರ ಮುಂದಿನ ಆಟ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರಿನಲ್ಲಿ ಬಂದಿದೆ. ಅದು ಇನ್ನೂ ಕಷ್ಟ. ಮೊದಲು ಇದನ್ನು ಮುಗಿಸದೆ ಅಲ್ಲಿಗೆ ಹೋಗಬೇಡಿ.

ದೊಡ್ಡ ಲೋಕ ಬೇಕು ಅನ್ನುವವರಿಗೆ: ವಿಚರ್ 3ಓ, ಎಲ್ಡನ್ ರಿಂಗೋ?

ತಮ್ಮ ನಿಜಕ್ಕೂ ಕೇಳಬೇಕು ಅಂದುಕೊಂಡಿದ್ದು ಇದನ್ನೇ. ಅವನ ಗೆಳೆಯರೆಲ್ಲ ಎಲ್ಡನ್ ರಿಂಗ್ ಎಂದು ಹೇಳುತ್ತಿದ್ದರಂತೆ.

ಮೊದಲು ಎಲ್ಡನ್ ರಿಂಗ್ ಬಗ್ಗೆ ಹೇಳುತ್ತೇನೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2022ರ ಫೆಬ್ರುವರಿಯಲ್ಲಿ ತಂದ ಆಟ, ನಿರ್ದೇಶಕ ಹಿಡೆಟಕಾ ಮಿಯಾಜಾಕಿ. ಗುಹೆಯಿಂದ ಹೊರಗೆ ಬಂದ ಕೂಡಲೇ ಚಿನ್ನದ ಹಾಗೆ ಹೊಳೆಯುವ ಒಂದು ಮಹಾವೃಕ್ಷ ಆಕಾಶದ ತುಂಬ ಕಾಣುತ್ತದೆ. ಎದುರಿನ ಬಯಲಲ್ಲಿ ಕುದುರೆ ಏರಿದ ಚಿನ್ನದ ಕವಚದ ಒಬ್ಬ ಸವಾರ ಅಡ್ಡಾಡುತ್ತಿರುತ್ತಾನೆ. ಹೊಸಬರು ಹತ್ತಿರ ಹೋಗುತ್ತಾರೆ, ಎರಡೇ ಏಟಿಗೆ ನೆಲ ಕಚ್ಚುತ್ತಾರೆ. ಆಟ ಕಲಿಸುವ ಮೊದಲ ಪಾಠ ಅದು. ಎಲ್ಲರ ಜೊತೆ ಈಗಲೇ ಹೊಡೆದಾಡಬೇಕಾಗಿಲ್ಲ, ಬಳಸಿಕೊಂಡು ಹೋಗು, ಬಲ ಬಂದ ಮೇಲೆ ಬಾ. ಆ ಸವಾರನನ್ನು ಎಷ್ಟೋ ದಿನ ಬಿಟ್ಟು ಬಂದು ಗೆದ್ದಾಗ ಆದ ಖುಷಿ ಬೇರೆ ಯಾವ ಆಟದಲ್ಲೂ ನನಗೆ ಆಗಿಲ್ಲ.

ಈಗ ನನ್ನ ಮೂರು ಪ್ರಶ್ನೆ. ಎಲ್ಡನ್ ರಿಂಗಿನಲ್ಲಿ ಆಟವನ್ನು ನಡುವೆ ನಿಲ್ಲಿಸಿಡುವ ಬಟನ್ ಇಲ್ಲ. ಚೀಲ ತೆರೆದು ಔಷಧಿ ಹುಡುಕುತ್ತಿದ್ದರೂ ಹಿಂದಿನಿಂದ ಹೊಡೆಯುತ್ತಾರೆ. ಮಗು ಅತ್ತರೆ ಮೊದಲು ಸುರಕ್ಷಿತ ಜಾಗಕ್ಕೆ ಓಡಬೇಕು, ಇಲ್ಲವೇ ಆಟ ಮುಚ್ಚಬೇಕು. ಮಗು ಅಷ್ಟು ಹೊತ್ತು ಕಾಯುವುದಿಲ್ಲ, ಅಲ್ವಾ? ಸೇವ್ ವಿಷಯದಲ್ಲಿ ಆಟ ಒಳ್ಳೆಯದೇ. ಸತತವಾಗಿ ತಾನೇ ಸೇವ್ ಮಾಡಿಕೊಳ್ಳುತ್ತದೆ, ಮುಚ್ಚಿ ತೆರೆದರೆ ನಿಂತ ಜಾಗದಲ್ಲೇ ನಿಂತಿರುತ್ತೀರಿ. ಆದರೆ ಕೆಲಸಗಳ ಪಟ್ಟಿ ಎಂಬುದೇ ಇಲ್ಲ. ಯಾರೋ ಒಬ್ಬರು ಚರ್ಚಿನ ಹತ್ತಿರ ಏನೋ ಹೇಳಿದ್ದರು, ಅದು ಏನು? ನಿಮಗೆ ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸುಲಭ ಮಾಡಿಕೊಳ್ಳುವ ಆಯ್ಕೆಯೂ ಇಲ್ಲ.

ವಿಚರ್ 3 ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯದ್ದು, 2015ರ ಮೇ ತಿಂಗಳದ್ದು. ಗೆರಾಲ್ಟ್ ಎಂಬವನು ಕೂಲಿ ಪಡೆದು ದೆವ್ವ ಪಿಶಾಚಿ ಓಡಿಸುವ ಕೆಲಸದವನು. ಸಾಕುಮಗಳ ಹಾಗೆ ಬೆಳೆಸಿದ ಹುಡುಗಿಯನ್ನು ಹುಡುಕುತ್ತಾ ಯುದ್ಧದಿಂದ ನಜ್ಜುಗುಜ್ಜಾದ ಊರುಗಳಲ್ಲಿ ಅಲೆಯುತ್ತಾನೆ. ಹೊಡೆದಾಟ ಎಲ್ಡನ್ ರಿಂಗಿನಷ್ಟು ಚೆನ್ನಾಗಿಲ್ಲ. ಕುದುರೆ ಕೆಲವೊಮ್ಮೆ ಹೇಳಿದ ಮಾತು ಕೇಳುವುದಿಲ್ಲ. ಆದರೆ ಇದರಲ್ಲಿ ಬರುವ ಜನ ಮನಸ್ಸಿನಲ್ಲಿ ಉಳಿಯುತ್ತಾರೆ. ಮೊದಲ ಹಳ್ಳಿಯಲ್ಲೇ ಒಬ್ಬ ಮುದುಕಿ ಮುಚ್ಚಿದ ಮನೆಯೊಂದರ ಎದುರು ನಿಂತು ತನ್ನ ಬಾಣಲೆ ಒಳಗಿದೆ, ಹುಡುಕಿಕೊಡು ಎನ್ನುತ್ತಾಳೆ. ಬಾಣಲೆ ಹುಡುಕುವುದು ಎಂಥ ಕೆಲಸ ಎಂದು ಹೋದರೆ ಆ ಮನೆಯೊಳಗೆ ಬೇರೆಯೇ ಒಂದು ಕಥೆ ಇರುತ್ತದೆ. ಮುಂದೆ ಬ್ಯಾರನ್ ಎಂಬ ಒಬ್ಬ ಸಿಗುತ್ತಾನೆ. ಕುಡಿತ, ಹೆಂಡತಿಗೆ ಹೊಡೆತ, ಮನೆ ಬಿಟ್ಟು ಹೋದ ಹೆಂಡತಿ ಮಗಳು. ಆಟ ಅವನನ್ನು ಕ್ಷಮಿಸು ಎನ್ನುವುದಿಲ್ಲ, ಬಿಟ್ಟು ಹೋಗು ಎಂದೂ ಹೇಳುವುದಿಲ್ಲ. ನಾನು ಆ ಭಾಗ ಮುಗಿಸಿದ ರಾತ್ರಿ ಲೈಟ್ ಆರಿಸಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಇದು ಯಾವಾಗ ಬೇಕಾದರೂ ನಿಲ್ಲುತ್ತದೆ. ಹೊಡೆದಾಟದ ಹೊತ್ತೊಂದನ್ನು ಬಿಟ್ಟು ಎಲ್ಲೆಂದರಲ್ಲಿ ಸೇವ್ ಮಾಡಬಹುದು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಆಟ ತೆರೆಯುವಾಗ ಕಾಣುವುದು. ಕಾಯುವ ಹೊತ್ತಿನಲ್ಲಿ ಗೆರಾಲ್ಟನ ಗೆಳೆಯ, ಹಾಡುಗಾರ, ಇಲ್ಲಿಯವರೆಗೆ ಏನಾಯಿತು ಎಂದು ಚಿತ್ರಪುಸ್ತಕ ತೋರಿಸಿದ ಹಾಗೆ ಹೇಳುತ್ತಾನೆ. ಹರಿಕಥೆಯಲ್ಲಿ ದಾಸರು ನಿನ್ನೆ ನಿಲ್ಲಿಸಿದ ಜಾಗವನ್ನು ನೆನಪು ಮಾಡಿಕೊಟ್ಟು ಮುಂದೆ ಹೋಗುತ್ತಾರಲ್ಲ, ಥೇಟ್ ಹಾಗೆ. ಮದುವೆ, ಮುಂಜಿ, ಜ್ವರ ಎಂದು ತಿಂಗಳು ಬಿಟ್ಟು ಬಂದರೂ ದಾರಿ ತಪ್ಪುವುದಿಲ್ಲ. ಕೆಲಸಗಳ ಪಟ್ಟಿ ಬೇರೆ ಇದೆ. ಕಥೆ ಮಾತ್ರ ಸಾಕು ಅನ್ನುವವರಿಗೆ ಬಹಳ ಸುಲಭದ ಒಂದು ಹಂತವೂ ಇದೆ.

ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ಎರಡು ತಿಂಗಳು ಅಂದುಕೊಳ್ಳಿ. ಅದಾದ ಮೇಲೆ ಇನ್ನೆರಡು ದೊಡ್ಡ ಕಥೆಗಳಿವೆ, 2015 ಮತ್ತು 2016ರಲ್ಲಿ ಬಂದವು. ಹಳೆಯ ಆಟ ಆದ್ದರಿಂದ ಆಗಾಗ ಬಹಳ ಕಮ್ಮಿ ಬೆಲೆಗೆ ಸಿಗುತ್ತದೆ. ಅವಸರ ಬೇಡ, ಸೇಲ್ ಬರುವವರೆಗೆ ಕಾಯಿರಿ.

ಮಗು ಚಿಕ್ಕದಿರುವವರಿಗೆ ನನ್ನ ಉತ್ತರ ವಿಚರ್ 3. ಎಲ್ಡನ್ ರಿಂಗ್ ಇದಕ್ಕಿಂತ ದೊಡ್ಡ ಸಾಧನೆ ಎಂದು ನಾನೇ ಒಪ್ಪುತ್ತೇನೆ. ಆದರೂ ಅದನ್ನು ನಿಮ್ಮ ಮಗು ರಾತ್ರಿಯಿಡೀ ಮಲಗಲು ಕಲಿಯುವವರೆಗೆ ಎತ್ತಿಡಿ. ನಾನೂ ಹಾಗೇ ಮಾಡಿದೆ.

ಓದುವ ಗೇಮ್‌ಗಳು

ಹೊಡೆದಾಟವೇ ಬೇಡ ಅನ್ನುವವರಿಗೆ ಎರಡು ಹೇಳುತ್ತೇನೆ.

ರಿಟರ್ನ್ ಆಫ್ ದಿ ಓಬ್ರಾ ಡಿನ್, 2018. ಇದೂ ಲೂಕಸ್ ಪೋಪ್ ಎಂಬ ಒಬ್ಬನ ಕೆಲಸ. ಈಸ್ಟ್ ಇಂಡಿಯಾ ಕಂಪನಿಯ ಕಾಲ. ಕಾಣೆಯಾಗಿದ್ದ ಹಾಯಿ ಹಡಗು 1807ರಲ್ಲಿ ಇಂಗ್ಲೆಂಡಿನ ಬಂದರಿಗೆ ತೇಲಿ ಬರುತ್ತದೆ, ಒಳಗೆ ಜೀವಂತ ಯಾರೂ ಇಲ್ಲ. ನೀವು ಕಂಪನಿಯ ವಿಮೆ ಲೆಕ್ಕ ಮಾಡುವವರು. ಹಡಗಿನಲ್ಲಿದ್ದ 60 ಜನರ ಹೆಸರೇನು, ಒಬ್ಬೊಬ್ಬರಿಗೂ ಏನಾಯಿತು ಎಂದು ಕಂಡುಹಿಡಿಯಬೇಕು. ಸಾವಿನ ಆ ಒಂದು ಗಳಿಗೆಯನ್ನು ತೋರಿಸುವ ಗಡಿಯಾರ ಕೈಯಲ್ಲಿರುತ್ತದೆ. ಬಟ್ಟೆ, ಮಾತಿನ ಧಾಟಿ, ಯಾರ ಪಕ್ಕ ಯಾರು ನಿಂತಿದ್ದಾರೆ, ಹೀಗೆ ಚೂರು ಚೂರು ಸೇರಿಸಿ ಊಹಿಸಬೇಕು. ನಾವಿಕರಲ್ಲಿ ನಮ್ಮ ದೇಶದವರೂ ಇದ್ದಾರೆ. ಅವರ ಹೆಸರನ್ನು ಮುಖಕ್ಕೆ ಹೊಂದಿಸುವಾಗ ನನಗೆ ಬೇರೆಯೇ ಒಂದು ಜವಾಬ್ದಾರಿ ಅನ್ನಿಸಿತು. ಮೂರು ಜನರದ್ದು ಸರಿಯಾದರೆ ಮಾತ್ರ ಆಟ ಹೌದು ಅನ್ನುತ್ತದೆ. ಸುಮ್ನೆ ಊಹಿಸಿ ದಾಟುವ ಹಾಗಿಲ್ಲ. ಇದನ್ನು ಬಿಡದೆ ಹತ್ತು ರಾತ್ರಿ ಆಡಿ. ನಡುವೆ ಬಿಟ್ಟರೆ ಮುಖಗಳು ಮರೆತುಹೋಗುತ್ತವೆ. ಮಕ್ಕಳು ಎದ್ದಿರುವಾಗ ಬೇಡ, ಸಾವುಗಳನ್ನು ಹತ್ತಿರದಿಂದ ತೋರಿಸುತ್ತದೆ.

ಡಿಸ್ಕೋ ಎಲಿಸಿಯಂ 2019ರದ್ದು, ಎಸ್ಟೋನಿಯಾದಲ್ಲಿ ಹುಟ್ಟಿದ ತಂಡದ್ದು. ಕುಡಿದು ನೆನಪು ಕಳೆದುಕೊಂಡ ಪೊಲೀಸ್ ಅಧಿಕಾರಿಯೊಬ್ಬ ಕೊಲೆ ಪ್ರಕರಣ ಬಿಡಿಸಬೇಕು. ಅವನ ಭಯ, ಅವನ ತರ್ಕ, ಅವನ ಅಹಂಕಾರ ಒಂದೊಂದೂ ತಲೆಯೊಳಗಿಂದ ಮಾತಾಡುತ್ತವೆ. ದೇಹಬಲ ತೀರಾ ಕಮ್ಮಿ ಇಟ್ಟುಕೊಂಡರೆ ಮೊದಲ ಕೋಣೆಯ ಲೈಟ್ ಹಾಕಿಯೇ ಪ್ರಾಣ ಹೋಗಬಹುದು. ಬರಹ ಅದ್ಭುತ. ಆದರೆ ಹತ್ತು ಲಕ್ಷಕ್ಕೂ ಹೆಚ್ಚು ಇಂಗ್ಲಿಷ್ ಪದಗಳಿವೆ, ಅದೂ ಸುಲಭದ ಇಂಗ್ಲಿಷ್ ಏನಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾನು ಮೊದಲ ವಾರ ಪಕ್ಕದಲ್ಲಿ ನಿಘಂಟು ತೆರೆದಿಟ್ಟುಕೊಂಡೆ. ಆಮೇಲೆ ಅಭ್ಯಾಸವಾಯಿತು. 2021ರಿಂದ ಎಲ್ಲ ಮಾತುಗಳಿಗೂ ದನಿ ಇದೆ, ಕೇಳಿಸಿಕೊಂಡು ಓದಿದರೆ ಸುಲಭ. ಆಫೀಸಿನಲ್ಲಿ ದಿನವಿಡೀ ಕಡತ ಓದಿ ಬಂದ ರಾತ್ರಿ ಮಾತ್ರ ಇದನ್ನು ತೆರೆಯಬೇಡಿ. ಎರಡರಲ್ಲಿ ಒಂದು ಅಂದರೆ ನಾನು ಓಬ್ರಾ ಡಿನ್ ಹೇಳುತ್ತೇನೆ. ಅದರಲ್ಲಿ ಓದುವುದು ಕಮ್ಮಿ, ನೋಡುವುದು ಜಾಸ್ತಿ.

ಫೋನಿನಲ್ಲಿ ಗುಂಪಾಗಿ ಆಡುವ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಬಗ್ಗೆ ಎರಡು ಮಾತು. 2020ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. ಅದರ ಬದಲಿಗೆ 2021ರ ಜುಲೈನಲ್ಲಿ ಬಿಜಿಎಂಐ ಬಂತು. ಊರಲ್ಲಿರುವ ಗೆಳತಿಯರ ಜೊತೆ ಮಾತಾಡಲು ನನಗೆ ಅದು ಒಂದು ನೆಪವಾಗಿತ್ತು. ದುಡ್ಡಿಲ್ಲದೆ ಶುರು ಮಾಡಬಹುದು, ಸಾಧಾರಣ ಫೋನಿನಲ್ಲೂ ನಡೆಯುತ್ತದೆ. ಆದರೆ ಒಂದು ಪಂದ್ಯ ಅರ್ಧ ಗಂಟೆ ಹಿಡಿಯಬಹುದು. ನಡುವೆ ನಿಲ್ಲಿಸುವ ಹಾಗಿಲ್ಲ. ನೀವು ಎದ್ದು ಹೋದರೆ ಜೊತೆಯ ಮೂವರು ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಯಾರಾದರೂ ಮಗು ನೋಡಿಕೊಳ್ಳುವ ಭಾನುವಾರ ಸಂಜೆಗೆ ಮಾತ್ರ ಇದು.

ಲ್ಯಾಪ್‌ಟಾಪ್ ಎಂಥದ್ದು?

ತಮ್ಮ ಇದನ್ನು ಕೊನೆಗೆ ಹೇಳಿದ. ಅವನದು ಆಫೀಸ್ ಕೆಲಸದ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇದನ್ನು ಮೊದಲು ಕೇಳಬೇಕಿತ್ತು. ಎಲ್ಡನ್ ರಿಂಗಿಗೆ ಕನಿಷ್ಠ 12 ಜಿಬಿ ರ್‍ಯಾಮ್, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, 60 ಜಿಬಿ ಜಾಗ ಬೇಕು. ವಿಚರ್ 3ಕ್ಕೂ ಕಾರ್ಡ್ ಇದ್ದರೆ ವಾಸಿ. ಸ್ಟಾರ್ಡ್ಯೂ, ಸೆಲೆಸ್ಟ್, ಹಾಲೋ ನೈಟ್ ಈ ಮೂರು ಸಾಧಾರಣ ಲ್ಯಾಪ್‌ಟಾಪಿನಲ್ಲೂ ಆರಾಮಾಗಿ ನಡೆಯುತ್ತವೆ. ಹೇಡೀಸ್ ಕೂಡ ಚಿತ್ರದ ಗುಣಮಟ್ಟ ಸ್ವಲ್ಪ ಇಳಿಸಿದರೆ ನಡೆಯುತ್ತದೆ. ದುಡ್ಡು ಉಳಿದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಒಂದು ಕಂಟ್ರೋಲರ್ ತಗೊಳ್ಳಿ. ಸೆಲೆಸ್ಟನ್ನು ಕೀಬೋರ್ಡಿನಲ್ಲಿ ಆಡಿ ನನ್ನ ಎಡಗೈ ಹೆಬ್ಬೆರಳು ಒಂದು ವಾರ ನೋಯುತ್ತಿತ್ತು. ಲ್ಯಾಪ್‌ಟಾಪಿಗೆ ಇನ್ನೊಂದು ಅನುಕೂಲ ಇದೆ. ಕರೆಂಟ್ ಹೋದರೂ ಬ್ಯಾಟರಿ ಇರುತ್ತದೆ, ಸ್ಟಾರ್ಡ್ಯೂನಲ್ಲಿ ಮನೆಗೆ ಓಡಿ ಮಲಗುವಷ್ಟು ಸಮಯ ಸಿಗುತ್ತದೆ.

ಮನೆಯವರ ಜೊತೆ ಆಡಲು

ಒಬ್ಬರೇ ಕೂತು ಆಡುವುದು ಬೇಡ, ಮನೆಯವರೂ ನೋಡಲಿ ಅನ್ನುವವರಿಗೆ ನಮ್ಮ ಕಡೆಯ ಬದುಕು ಇರುವ ಎರಡು ಆಟಗಳನ್ನು ಹೇಳಬೇಕು. ರಾಜಿ, 2020ರದ್ದು, ಪುಣೆಯ ನೋಡಿಂಗ್ ಹೆಡ್ಸ್ ತಂಡದ್ದು. ತಮ್ಮನನ್ನು ಹುಡುಕುತ್ತಾ ಹೋಗುವ ಹುಡುಗಿಯ ಕಥೆ. ನಡುನಡುವೆ ಕಥೆ ಹೇಳುವುದು ತೊಗಲುಬೊಂಬೆಯ ನೆರಳಿನ ಹಾಗೆ. ನಮ್ಮ ಮಗಳಿಗೆ ಆ ಭಾಗಗಳೇ ಇಷ್ಟ. ಹೊಡೆದಾಟ ಸ್ವಲ್ಪ ಹೊತ್ತಿಗೆ ಒಂದೇ ಥರ ಅನ್ನಿಸುತ್ತದೆ. ಆದರೂ ಕೋಟೆ, ಕೊಳ, ಗೋಡೆಯ ಚಿತ್ರಗಳನ್ನು ನೋಡಲಿಕ್ಕಾದರೂ ಆಡಬೇಕು.

ವೆಂಬಾ 2023ರ ಜುಲೈನಲ್ಲಿ ಬಂತು. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬವೊಂದರ ಕಥೆ. ಅಮ್ಮನ ಅಡುಗೆ ಪುಸ್ತಕ ಹರಿದು, ಅಕ್ಷರ ಅಳಿಸಿಹೋಗಿದೆ. ಉಳಿದ ಅಕ್ಷರ ನೋಡಿ ಅಡುಗೆ ಹೇಗೆ ಮಾಡುವುದು ಎಂದು ಊಹಿಸಬೇಕು. ಪೂರ್ತಿ ಆಟ ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು. ಎರಡು ರಾತ್ರಿಗೆ ಮುಗಿಯುತ್ತದೆ. ಇಷ್ಟು ಚಿಕ್ಕದಕ್ಕೆ ದುಡ್ಡು ಕೊಡಬೇಕಾ ಎಂದು ತಮ್ಮ ಕೇಳಿದ. ಕೊಡಬೇಕು. ಮಗ ದೊಡ್ಡವನಾಗುತ್ತಾ ಮನೆಯ ಮಾತನ್ನು ಬಿಡುವುದು, ತಾಯಿ ಅವನಿಗಾಗಿ ಅಡುಗೆ ಮಾಡಿಟ್ಟು ಕಾಯುವುದು, ಇವನ್ನು ಯಾವ ದೊಡ್ಡ ಆಟವೂ ನನಗೆ ಇಷ್ಟು ಹತ್ತಿರದಿಂದ ತೋರಿಸಿಲ್ಲ.

ಅದರಲ್ಲಿ ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಪಾತ್ರೆಯಲ್ಲಿ ಹೇಗೆ ಜೋಡಿಸಬೇಕು ಎಂಬಲ್ಲಿ ನಾನು ಯೋಚಿಸುತ್ತಾ ಕೂತಿದ್ದೆ. ಹಿಂದೆ ಕೂತು ಹೂ ಕಟ್ಟುತ್ತಿದ್ದ ಅಮ್ಮ ತಲೆ ಎತ್ತಿ, "ಒಂದರ ನೆತ್ತಿ ಮೇಲೆ ಒಂದು ಬಂದ್ರೆ ಆವಿ ಹೆಂಗೆ ಮೇಲೆ ಹೋಗತ್ತೆ? ನಡುವಿನ ತಟ್ಟೆ ತಿರುಗಿಸಿ ಇಡು" ಅಂದರು. ಹಾಗೇ ಮಾಡಿದೆ, ಇಡ್ಲಿ ಬಂತು. ಅಲ್ಲಿಯವರೆಗೆ ನನ್ನ ಆಟಗಳನ್ನು ತಿರುಗಿಯೂ ನೋಡದ ಅಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಮರುದಿನ ರಾತ್ರಿ ಅದು ಮುಗಿದುಹೋಯಿತು. ಮೂರನೆಯ ದಿನ ಊಟವಾದ ಮೇಲೆ "ಇವತ್ತು ಏನು ಅಡುಗೆ?" ಎಂದು ಅಮ್ಮನೇ ಕೇಳಿದರು. ಅಡುಗೆ ಮುಗಿಯಿತು, ಹೊಲ ಇದೆ ಎಂದು ಸ್ಟಾರ್ಡ್ಯೂ ತೆರೆದೆ. ಅಮ್ಮ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರು. ಮೊದಲ ಹದಿನೈದು ಬೀಜ ಎಲ್ಲಿ ಹಾಕಬೇಕು ಎಂದು ಕೇಳಿದರೆ, "ನೀರು ಎಲ್ಲಿದೆ ಮೊದಲು ತೋರಿಸು" ಅಂದರು. ನಮ್ಮ ಹೊಲ ಈಗ ಕೆರೆಯ ಪಕ್ಕದಲ್ಲೇ ಇದೆ, ಎರಡನೆಯ ಬೇಸಿಗೆ ನಡೆಯುತ್ತಿದೆ.